ಹರಿಗೋಲಿನ ಹಿಂದಿನ ಹಗ್ಗ

“ಲೇ ರೇಣುಕಿ, ಇನ್ನೊಮ್ಮಿ ತೊಳಿಯಬೇ! ನಿಮ್ಮ ಕೇರಿ ಮಂದಿ ಕುಂತ ಹರಿಗೋಲಿನಾಗ ನಾ ಹ್ಯಾಂಗ ಕೂಡ್ಲಿ?”

ಹಂಪಣ್ಣ ಸಾಹುಕಾರ ಪಂಚೆ ಎತ್ತಿ ಹಿಡಿದು ಬಂಡೆಯ ಮೇಲೆ ನಿಂತಿದ್ದ. ಹರಿಗೋಲು ನಡೆಸುವ ರೇಣುಕಮ್ಮ ಮತ್ತೆ ತೊಳೆದಳು. ತುಂಗಭದ್ರೆಯ ಆಚೆ ದಂಡೆಯಲ್ಲಿ, ನಿಜಾಮರ ಕಾಲದ ಹರಿಗೋಲು ಕಟ್ಟೆಯ ಮೇಲೆ ಶಾಮಿಯಾನ ಹಾಕಿತ್ತು. ಕಟ್ಟೆ ಕಟ್ಟಿಸಿದ್ದು ಸಾಹುಕಾರನ ಮುತ್ತಜ್ಜ ಎಂದು ಕೆತ್ತಿದ ಕಲ್ಲಿನ ಮೇಲಿನ ಪರದೆ ಇವತ್ತು ಸರಿಯುವುದಿತ್ತು. ಹಳೇ ಕಾಲದವರ ಹಾಗೆ ಹರಿಗೋಲಿನಲ್ಲೇ ಬಂದಿಳಿಯುವ ಶೋಕಿ ಬೇರೆ.

ನಡುಹೊಳೆಯಲ್ಲಿ ಅವನು ಬಾಯಿ ಬಿಟ್ಟ. “ನಾಳಿಂದ ಆ ಕಟ್ಟಿ ಪಾವಟಿಗಿಗೆ ನಿಮ್ಮ ಹರಿಗೋಲು ಹಚ್ಚಂಗಿಲ್ಲ. ರೆಸಾರ್ಟಿನ ಬೋಟು ಬರ್ತಾವು. ನೀವು ಮುಳ್ಳುಕಂಟಿ ಕಡೆ ಸಾಯ್ರಿ.”

“ಆ ಪಾವಟಿಗಿ ಕಲ್ಲು ಹೊತ್ತು ಹಾಕಿದವ ನಮ್ಮ ಗಾಳೆಪ್ಪಜ್ಜ, ಸಾವ್ಕಾರ್ರ.”

“ಹೊತ್ತಾನ, ಅಂಬಲಿ ಕುಡ್ದಾನ. ಬಾಯಿ ಮುಚ್ಗೊಂಡು ಹುಟ್ಟು ಹಾಕ, ಬೋಸುಡಿ.”

ರೇಣುಕಮ್ಮನ ಮೈಯೆಲ್ಲ ಉರಿಯಿತು. ಗಾಳೆಪ್ಪಜ್ಜನ ಕಥೆಯನ್ನು ಅವ್ವ ಉಣ್ಣಿಸುವಾಗೆಲ್ಲ ಹೇಳುತ್ತಿದ್ದಳು. ಆಗಿನ ಹರಿಗೋಲಿಗೆ ಚರ್ಮದ ತಳ. ಎಮ್ಮೆ ಚರ್ಮ ಹದ ಮಾಡಿ ಹೊಲಿದವನು ಅವನೇ. ಆ ಚರ್ಮದ ಮೇಲೆ ಸಾಹುಕಾರರು, ಪೂಜಾರಿಗಳು ಅಂಡೂರಿ ಹೊಳೆ ದಾಟುತ್ತಿದ್ದರು. ಹೊಲಿದವನು ಮಾತ್ರ ಒಳಗೆ ಕೂರುವಂತಿರಲಿಲ್ಲ. ಹಿಂದೆ ಬಿಟ್ಟ ಹಗ್ಗ ಹಿಡಿದು ಈಜಿಕೊಂಡು ಬರಬೇಕಿತ್ತು. ಒಂದು ಮಳೆಗಾಲದಲ್ಲಿ ಹಗ್ಗವಷ್ಟೇ ದಂಡೆಗೆ ಬಂತು.

ಕಟ್ಟೆ ಹತ್ತಿರಾಯಿತು. ಡೊಳ್ಳು ಶುರುವಾಯಿತು. ಬಂಡೆಯ ಮರೆಯ ನಿಂತ ನೀರಿನಲ್ಲಿ ರೇಣುಕಮ್ಮ ಹುಟ್ಟು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಹರಿಗೋಲು ನಿಧಾನ ತಿರುಗತೊಡಗಿತು.

“ಯಾಕ ನಿಂತಿಯಬೇ?”

ಅವಳು ಹರಿಗೋಲಿಗೆ ಕಟ್ಟಿದ ಹಗ್ಗದ ತುದಿಯನ್ನು ಅವನ ಮಡಿಲಿಗೆ ಎಸೆದಳು.

“ಹಳೇ ಕಾಲದಂಗ ಹೋಗೂಣು ಅಂದ್ರಲ್ಲ? ನೀರು ಎದಿಮಟ ಐತಿ. ಇಳೀರಿ, ಹಗ್ಗ ಹಿಡೀರಿ, ನಾ ಎಳಕೊಂಡು ಹೊಕ್ಕೀನಿ. ಇಲ್ಲಾ, ಇಲ್ಲಿಂದನ ಒದರಿ ಹೇಳ್ರಿ, ಕಟ್ಟಿ ಗಾಳೆಪ್ಪಂದು, ಹರಿಗೋಲು ಇಲ್ಲೇ ಹಚ್ತಾವು ಅಂತ.”

“ನಿಮ್ಮ ಕೇರೀನ ಊರಿಂದ ಎಬ್ಬಿಸಿಬಿಡ್ತೀನಿ!” ಸಾಹುಕಾರ ಎದ್ದ. ಹರಿಗೋಲು ವಾಲಿತು. ಅವನು ದಬಕ್ಕನೆ ಕೂತು ಎರಡೂ ಕೈಯಲ್ಲಿ ಅಂಚು ಹಿಡಿದುಕೊಂಡ.

“ಒದರ್ರಿ, ಸಾವ್ಕಾರ್ರ. ನನಗೇನ ಅವಸರಿಲ್ಲ.”

ದಂಡೆಯಲ್ಲಿ ಡೊಳ್ಳು ನಿಂತಿತು. ಹಾರ ಹಿಡಿದವರು ಹಾಗೇ ನಿಂತರು, ಕ್ಯಾಮೆರಾಗಳು ಇತ್ತ ತಿರುಗಿದವು. ಹರಿಗೋಲು ಸುತ್ತುತ್ತಲೇ ಇತ್ತು. ಒದ್ದೆ ಹಗ್ಗ ಸಾಹುಕಾರನ ಬಿಳಿ ಪಂಚೆಯ ಮೇಲೆ ಬಿದ್ದಿತ್ತು. ರೇಣುಕಮ್ಮ ಕಾಲು ಚಾಚಿ ಕೂತಳು.