ಊರು ದಾಟದ ಕಾರ್ಡು

ನಾನು ಒಂದು ಪ್ಲಾಸ್ಟಿಕ್ ಕಾರ್ಡು. ಬಸುರಿ ಹೆಂಗಸರಿಗೆ ಮೊಟ್ಟೆ, ಹಾಲಿನ ಪುಡಿ, ಶೇಂಗಾ ಚಿಕ್ಕಿ ಕೊಡಿಸಲಿಕ್ಕೆಂದು ನನ್ನನ್ನು ಮಾಡಿದರು. ಕೊಡಿಸಿದೆನೇ? ಅದನ್ನೇ ಹೇಳುತ್ತೇನೆ, ಕೇಳಿ. ಸಿಹಿಯಾಗಿ ಹೇಳು ಎಂದು ಮಾತ್ರ ಕೇಳಬೇಡಿ, ನನಗದು ಬರುವುದಿಲ್ಲ.

ಎಲ್ಲೋ ಒಂದು ಕಾರ್ಖಾನೆಯಲ್ಲಿ ಕಾಯಿಸಿ, ಒತ್ತಿ, ಕತ್ತರಿಸಿ, ಮೈಮೇಲೆ ನಗುವ ತಾಯಿಯ ಚಿತ್ರ ಅಚ್ಚು ಹಾಕಿ, ಹೊಟ್ಟೆಯೊಳಗೆ ಒಂದು ಚಿಪ್ ಕೂರಿಸಿದರು. ನಾನು ಕಣ್ಣು ಬಿಟ್ಟದ್ದು ಜಿಲ್ಲಾ ಕಚೇರಿಯೊಂದರ ಮೇಜಿನ ಮೇಲೆ. ಅಲ್ಲಿ ನಾವು ಮೂವರು ಪೈಪೋಟಿಗೆ ಕೂತಿದ್ದೆವು. ಒಂದು, ಮೊಬೈಲಿಗೆ ಬರುವ, ಅಂಗಡಿಯಲ್ಲಿ ತೋರಿಸುವ ನಂಬರು. ಇನ್ನೊಂದು, ಯಾವ ಊರಿನ ಅಂಗಡಿಯಲ್ಲಾದರೂ ನಡೆಯುವ ಕಾರ್ಡು. ಮತ್ತೆ ನಾನು. ನನಗೆ ಗೊತ್ತುಮಾಡಿದ ಒಂದೇ ಅಂಗಡಿ, ಅದೂ ಕಾರ್ಡು ಪಡೆದ ಹೆಂಗಸೇ ಬಂದು ಹೆಬ್ಬೆರಳು ಒತ್ತಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ನಮ್ಮಲ್ಲಿ ಒಬ್ಬರನ್ನು ಆರಿಸಬೇಕಾದ ಸಮಿತಿಯ ಅಧ್ಯಕ್ಷರು ಅಂದು ತಡವಾಗಿ ಬಂದರು, ಕೈಯಲ್ಲಿ ಪೇಢೆಯ ಡಬ್ಬಿ ಹಿಡಿದು.

"ಮಗಳ ಕುಬಸ ಇತ್ರೀ. ಏಳು ತಿಂಗಳು ತುಂಬಿದ್ವು. ಚೊಚ್ಚಲ ಬಾಣಂತನ ನೋಡ್ರಿ, ನಮ್ಮನೀಗೆ ಕರಕೊಂಡು ಬಂದೀವಿ" ಎಂದು ಎಲ್ಲರಿಗೂ ಹಂಚಿದರು. ಎಲ್ಲರೂ ತಿಂದರು.

ನನ್ನನ್ನು ಮಾರಲು ಬಂದ ಕಂಪನಿಯವನು ಎದ್ದು ನಿಂತ. "ಇದನ್ನ ಬ್ಯಾರೆ ಊರಾಗ ಉಪಯೋಗಿಸಾಕ ಬರಂಗಿಲ್ಲ ಸರ್. ಮೋಸಕ್ಕ ಜಾಗಾನ ಇಲ್ಲ."

"ಹೌದಲ್ಲ!" ಎಂದರು ಅಧ್ಯಕ್ಷರು, ಬಾಯಲ್ಲಿ ಪೇಢೆ ಇಟ್ಟುಕೊಂಡೇ. "ಬಸುರಿ ಹೆಂಗಸು ಊರು ಬಿಟ್ಟು ಎಲ್ಲಿಗೆ ಹೊಕ್ಕಾಳ?"

ಸಮಿತಿಯಲ್ಲಿದ್ದ ಒಬ್ಬಳೇ ಹೆಂಗಸು ಶೈಲಜಾ ಮೇಡಂ. ಆಕೆಯೂ ಚೊಚ್ಚಲ ಹೆರಿಗೆಗೆ ತವರಿಗೆ ಹೋದವಳೇ. "ಸರ್, ಅದು..." ಎಂದು ಬಾಯಿ ತೆರೆದಳು.

"ಏನ್ರಿ ಮೇಡಂ?"

"ಏನಿಲ್ಲ ಸರ್. ಪೇಢೆ ಛಲೋ ಅದಾವು."

ಥೂ! ಎಲ್ಲರೂ ಸಹಿ ಹಾಕಿದರು. ಅಗ್ಗದವನು, ಭದ್ರವಾದವನು ಎಂದು ನಾನೇ ಗೆದ್ದೆ. ಅಂಥ ಗೆಲುವು ನನ್ನ ಶತ್ರುವಿಗೂ ಬೇಡ.

ನಾನು ಸಿಕ್ಕಿದ್ದು ಮುದ್ದಲಗೇರಿಯ ಹುಲಿಗೆಮ್ಮನಿಗೆ. ಚೊಚ್ಚಲ ಬಸುರಿ, ಬಿಳಿಚಿಕೊಂಡ ಮುಖ. ರಕ್ತ ತೀರಾ ಕಡಿಮೆ, ದಿನಾ ಮೊಟ್ಟೆ ತಿನ್ನದಿದ್ದರೆ ಕೂಸಿಗೆ ಕಷ್ಟ ಎಂದು ನರ್ಸಮ್ಮ ಗದರಿಸಿ ಹೇಳಿದ್ದಳು. ಹುಲಿಗೆಮ್ಮ ನನ್ನನ್ನು ದೇವರ ಜಗುಲಿಯ ಮೇಲೆ ಇಟ್ಟಳು. ಗಂಡನ ಊರಾದ ಮುದ್ದಲಗೇರಿಯ ಅಂಗಡಿಯಲ್ಲಿ ಹೆಬ್ಬೆರಳು ಒತ್ತಿದಾಗಲೆಲ್ಲ ನಾನು ಮೊಟ್ಟೆ ಕೊಡಿಸಿದೆ. ಅವಳ ಕೆನ್ನೆಗೆ ಸ್ವಲ್ಪ ಬಣ್ಣ ಬಂತು. ಸುಳ್ಳು ಯಾಕೆ ಹೇಳಲಿ, ಆಗ ನನಗೂ ಜಂಬ ಬಂದಿತ್ತು.

ಏಳು ತುಂಬುತ್ತಿದ್ದಂತೆ ಅವಳ ತಾಯಿ ದ್ಯಾಮವ್ವ ಹಸಿರು ಸೀರೆ, ಹಸಿರು ಬಳೆ ತಂದು ಕುಬಸ ಮಾಡಿ, ಮಗಳನ್ನು ತವರಾದ ಹೊಸನಾಳಕ್ಕೆ ಕರೆದೊಯ್ದಳು. ನಾನೂ ಸೆರಗಿನ ಗಂಟಿನಲ್ಲಿ ಹೋದೆ.

ಹೊಸನಾಳದ ಅಂಗಡಿಯ ಅಂದಾನಪ್ಪ ನನ್ನನ್ನು ಯಂತ್ರಕ್ಕೆ ತುರುಕಿದ. ಕೆಂಪು ದೀಪ. ಒರೆಸಿ ಮತ್ತೆ ತುರುಕಿದ. ಮತ್ತೆ ಕೆಂಪು.

"ಇದು ಮುದ್ದಲಗೇರಿದಬೇ ಯವ್ವಾ. ಇಲ್ಲಿ ನಡಿಯಂಗಿಲ್ಲ."

"ಕಾರ್ಡು ಆ ಊರಿಂದು ಅಂದ್ರ, ಹೊಟ್ಟೀನೂ ಆ ಊರಾಗ ಬಿಟ್ಟು ಬರಬೇಕಾಗಿತ್ತೇನಪಾ?" ದ್ಯಾಮವ್ವನ ಧ್ವನಿ ಏರಿತು. "ಈಗಲ್ಲೇನು ಇಕೀಗೆ ಬೇಕಾಗಿರೋದು!"

"ನಾ ಏನು ಮಾಡ್ಲಿ? ಮಷೀನು ಒಪ್ಪವಲ್ದು."

ಗಂಡ ಅಲ್ಲಿಂದ ತಂದುಕೊಡೋಣವೆಂದರೆ ಅವನ ಹೆಬ್ಬೆರಳು ನನಗೆ ನಡೆಯದು. ಹುಲಿಗೆಮ್ಮನೇ ಹೋಗೋಣವೆಂದರೆ ಕುಬಸ ಮಾಡಿ ಕರೆತಂದವಳನ್ನು ಕೂಸಿಲ್ಲದೆ ಬರಿಗೈಯಲ್ಲಿ ಗಂಡನ ಮನೆಗೆ ಕಳಿಸುವ ಪದ್ಧತಿ ಎಲ್ಲಿದೆ? ಕೂಲಿಗೆ ಹೋಗುವ ದ್ಯಾಮವ್ವ ತನ್ನ ಪಾಲಿನ ರೊಟ್ಟಿಯನ್ನೂ ಮಗಳಿಗೇ ಇಟ್ಟಳು. ರೊಟ್ಟಿಯಿಂದ ರಕ್ತ ಎಷ್ಟು ಆದೀತು? ಕೆನ್ನೆ ಮತ್ತೆ ಬಿಳಿಚಿತು. ತಿಂಗಳಿಗೊಮ್ಮೆ ನನ್ನ ಹೊಟ್ಟೆಗೆ ಅವಳ ಹೆಸರಿನ ಮೊಟ್ಟೆಗಳು ಬಂದು ಸೇರುತ್ತಲೇ ಇದ್ದವು. ನಾನು ಗೋಡೆಯ ಗೂಡಿನಲ್ಲಿ ಸುಮ್ಮನೆ ಬಿದ್ದಿದ್ದೆ. ನನ್ನನ್ನು ಮಾಡಿದವರ ಕೈ ಸೇದಿಹೋಗಲಿ ಎಂದು ಶಪಿಸುವುದೊಂದು ಬಿಟ್ಟು ನನಗೆ ಬೇರೆ ಕೆಲಸವಿರಲಿಲ್ಲ.

ಹುಲಿಗೆಮ್ಮ ದಿನ ತುಂಬುವ ಮೊದಲೇ ಹೆತ್ತಳು. ಹೆಣ್ಣು ಕೂಸು. ತೂಕ ಸಾಲದೆಂದು ತಾಲ್ಲೂಕು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಒಂದು ವಾರವೂ ಉಳಿಯಲಿಲ್ಲ. ಹೆಸರೂ ಇಟ್ಟಿರಲಿಲ್ಲ.

ದ್ಯಾಮವ್ವ ನನ್ನನ್ನು ಜಿಲ್ಲಾ ಕಚೇರಿಗೆ ಒಯ್ದು ಅದೇ ಮೇಜಿನ ಮೇಲೆ ಎಸೆದಳು. "ತಗೋರಿ. ನೀವ ಇಟಗೋರಿ ಇದನ್ನ." ಗುಮಾಸ್ತ ತಲೆ ಎತ್ತದೆ ನನ್ನನ್ನು ಕಡತದ ಮೇಲಿಟ್ಟ. ಅವಳೂ ನಿಲ್ಲಲಿಲ್ಲ.

ಕೆಲವು ದಿನಗಳಾದ ಮೇಲೆ ಅದೇ ಸಮಿತಿ ಮತ್ತೆ ಕೂಡಿತು. ಮತ್ತೆ ಪೇಢೆ. ಅಧ್ಯಕ್ಷರ ಮೊಮ್ಮಗನಿಗೆ ಐದು ತಿಂಗಳಿಗೆ ತೊಟ್ಟಿಲಾಗಿತ್ತಂತೆ, ಕೂಸು ಗುಂಡುಗುಂಡಗೆ ಇತ್ತಂತೆ. ಕಂಪನಿಯವನು ವರದಿ ಓದಿದ: ಕೊನೆಯ ತಿಂಗಳುಗಳಲ್ಲಿ ಚೊಚ್ಚಲ ಬಸುರಿಯರು ಕಾರ್ಡನ್ನು ಮುಟ್ಟಿಯೇ ಇಲ್ಲ.

"ಹಂಗಾರ ಅವರಿಗೆ ಅದು ಬೇಕಾಗಿಲ್ಲ ಅಂದಂಗಾತು" ಎಂದರು ಅಧ್ಯಕ್ಷರು. "ಆ ತಿಂಗಳುಗಳ ಮೊಟ್ಟಿ ತಗದುಬಿಡ್ರಿ."

ಶೈಲಜಾ ಮೇಡಂ ನನ್ನನ್ನು ಎತ್ತಿ ಹೆಸರು ಓದಿದಳು. ಇನ್ನೊಂದು ಕೈಯಲ್ಲಿ ಪೇಢೆ ಹಾಗೇ ಇತ್ತು. ಈ ಸಲ ಅವಳು ತಿನ್ನಲಿಲ್ಲ. ಸಹಿ ಮಾತ್ರ ಹಾಕಿದಳು.

ಗುಮಾಸ್ತ ನನ್ನ ಮೂಲೆಗೆ ತೂತು ಹೊಡೆದು, ದಾರ ಪೋಣಿಸಿ, ಕಡತಕ್ಕೆ ಕಟ್ಟಿದ. ಈಗ ಬೀರುವಿನ ಕೆಳಗಿನ ಅರೆಯಲ್ಲಿದ್ದೇನೆ. ಮೈಮೇಲಿನ ತಾಯಿ ಇನ್ನೂ ನಗುತ್ತಿದ್ದಾಳೆ. ಹುಲಿಗೆಮ್ಮನ ಮೊಟ್ಟೆಗಳು ಇನ್ನೂ ನನ್ನ ಹೊಟ್ಟೆಯಲ್ಲೇ ಇವೆ.