ಕರೆಮ್ಮನ ನಂಬರು

ನಮ್ಮ ಸಂಸ್ಥೆಯ ಬ್ಯಾನರಿನ ಮೇಲೆ ‘ಹಳ್ಳಿಯ ಹೆಣ್ಣುಮಕ್ಕಳಿಗೆ ಉಚಿತ ಕೋಡಿಂಗ್’ ಎಂದು ಬರೆದಿತ್ತು. ಅದರಲ್ಲಿ ‘ಉಚಿತ’ ಎಂಬುದೇ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿತ್ತು. ಬೋನಾಳದ ಹಳೇ ಶಾಲೆಯ ಒಂದು ಕೋಣೆ, ಎರಡು ಲ್ಯಾಪ್‌ಟಾಪ್, ಹನ್ನೊಂದು ಹುಡುಗಿಯರು, ಸುರಪುರದಿಂದ ದಿನಾ ಬಸ್ಸಿಗೆ ಬರುವ ಆಮೀನಾ ಟೀಚರ್, ಅಂದರೆ ನಾನು. ನಮ್ಮ ಕ್ರಾಂತಿ ಎಂದರೆ ಇಷ್ಟೇ.

ಕಾಲುವೆಗೆ ನೀರು ಬಿಟ್ಟ ವಾರ ಕೋಣೆ ಖಾಲಿ. ಹುಡುಗಿಯರೆಲ್ಲ ತಾಯಂದಿರ ಜೊತೆ ನೆಲ್ಲು ಹಚ್ಚಲು, ಅಂದರೆ ಭತ್ತದ ನಾಟಿಗೆ, ಹೋಗುತ್ತಿದ್ದರು. ಹಂಪಮ್ಮ ಮಾತ್ರ ಕೆಲಸ ಮುಗಿಸಿ, ಕಾಲಿನ ಕೆಸರನ್ನೂ ತೊಳೆಯದೆ ಓಡಿ ಬರುತ್ತಿದ್ದಳು. ಹದಿನೈದು ವರ್ಷದ ಹುಡುಗಿ. ನಾನು ಹೇಳಿಕೊಟ್ಟದ್ದನ್ನು ಎರಡನೇ ಸಲ ಕೇಳಿದವಳಲ್ಲ; ನನಗೇ ಉತ್ತರ ಗೊತ್ತಿಲ್ಲದ್ದನ್ನು ಕೇಳುತ್ತಿದ್ದಳು. ಅವಳನ್ನು ಕಂಡರೆ ನನಗೆ ಹೆಮ್ಮೆ. ಒಂದಿಷ್ಟು ಹೊಟ್ಟೆಕಿಚ್ಚೂ ಇತ್ತು, ಸುಳ್ಳು ಯಾಕೆ ಹೇಳಲಿ.

ಹತ್ತನೇ ಇಯತ್ತೆಗೆ ಮಗಳ ಓದು ಮುಗಿಯಿತು ಎಂದು ಅವಳ ತಾಯಿ ಬಾಲಮ್ಮ ಮೊದಲೇ ಹೇಳಿಬಿಟ್ಟಿದ್ದಳು. ಅಷ್ಟರಲ್ಲಿ ಸಂಸ್ಥೆಯವರು ಯಾದಗಿರಿಯಲ್ಲಿ ಎರಡು ವರ್ಷದ ತರಬೇತಿ ಶುರು ಮಾಡಿದರು. ಊಟ, ವಸತಿ, ಓದು ಎಲ್ಲ ಅವರದೇ. ಊರಿಗೊಂದೇ ಸೀಟು, ಪರೀಕ್ಷೆಯಲ್ಲಿ ಮೊದಲು ಬಂದವರಿಗೆ. ಹದಿನೈದು ದಾಟಿದವರಿಗೆ ಇಲ್ಲ. ಸೀಟು ಸಿಕ್ಕರೆ ಕಳಿಸುತ್ತೇನೆ ಎಂದು ಬಾಲಮ್ಮ ಹೇಗೋ ಒಪ್ಪಿದಳು.

ಪರೀಕ್ಷೆಯ ಆನ್‌ಲೈನ್ ಅರ್ಜಿಯಲ್ಲಿ ಹೆಸರು ಹಚ್ಚಲು ಒಬ್ಬೊಬ್ಬರಿಗೆ ಒಂದೊಂದು ಫೋನ್ ನಂಬರು ಬೇಕಿತ್ತು. ಈ ಕಡೆ ನಾಟಿಗೆ ಹೋಗುವ ಹೆಂಗಸರ ಗುಂಪಿಗೆ ಒಬ್ಬ ಹಿರಿಯಳಿರುತ್ತಾಳೆ. ಗದ್ದೆಯವರು ಅವಳಿಗೇ ಫೋನ್ ಮಾಡುತ್ತಾರೆ. ಗುಂಪಿನವರೂ ಯಾವ ಅರ್ಜಿಯೇ ಇರಲಿ, ಅವಳ ನಂಬರನ್ನೇ ಕೊಡುತ್ತಾರೆ. ನಮ್ಮ ಹುಡುಗಿಯರ ತಾಯಂದಿರ ಗುಂಪಿಗೆ ಹಿರಿಯಳು ಕರೆಮ್ಮ.

“ಎಲ್ಲಾರ್ದೂ ನಂದೇ ಹಾಕ್ರಿ ಟೀಚರ. ಮೆಸೇಜ್ ಬಂದ್ರ ನಾ ಹೇಳ್ತೀನಿ,” ಎಂದಳು.

ನನಗೆ ಬಸ್ಸಿನ ಅವಸರ. ಹನ್ನೊಂದು ಹೆಸರಿಗೂ ಅದೇ ನಂಬರು ಹಾಕಿದೆ. ಕೊನೆಯ ಹೆಸರು ಕರೆಮ್ಮನ ಮಗಳು ಮೌನಮ್ಮನದು. ಕೆಳಗೆ ‘ಪ್ರತಿಯೊಬ್ಬರ ನಂಬರನ್ನೂ ಬೇರೆಬೇರೆಯಾಗಿ ಪರಿಶೀಲಿಸಿದ್ದೇನೆ’ ಎಂಬ ಸಾಲಿತ್ತು. ಅದಕ್ಕೂ ಟಿಕ್ ಹಾಕಿ ಓಡಿದೆ.

ಪರೀಕ್ಷೆಯ ದಿನ ಒಬ್ಬರಾದ ಮೇಲೆ ಒಬ್ಬರು ಅದೇ ನಂಬರು ಹಾಕಿ ಕೂತು ಬರೆದರು. ಹಂಪಮ್ಮನಿಗೆ ತೊಂಬತ್ತಾರು ಬಂದದ್ದನ್ನು ಕಣ್ಣಾರೆ ಕಂಡೆ. ಮೌನಮ್ಮ, ಪಾಪ, ಮೂವತ್ತೊಂದಕ್ಕೇ ನಿಂತಳು. ಹದಿನೈದು ದಿನಕ್ಕೆ ಪಟ್ಟಿ ಬಂತು. ಬೋನಾಳ: ಮೌನಮ್ಮ, ತೊಂಬತ್ತಾರು.

ಹಂಪಮ್ಮ ಪಟ್ಟಿಯನ್ನು ಎರಡು ಸಲ ಓದಿದಳು. ಅಳಲಿಲ್ಲ.

“ನೀವೇ ಕಲ್ಸಿದ್ರಲ್ಲ ಟೀಚರ. ಒಂದ ನಂಬರಿಗಿ ಒಂದ ಹೆಸರು ನಿಲ್ತದ. ಎರಡನೇದು ಹಾಕಿದ್ರ ಮೊದಲಿಂದು ಅಳಿಸಿ ಹೋಗ್ತದ. ಕೊನೀಗಿ ಹಾಕಿದ್ದು ಮೌನಮ್ಮನ ಹೆಸರು, ಅದು ಉಳದದ. ಮಾರ್ಕ್ಸ್ ಮಾತ್ರ ಎಲ್ಲಾರಕಿಂತ ಹೆಚ್ಚಿಂದು ಇಟ್ಕೊಂಡದ. ಅದು ನಂದು.”

ಪಕ್ಕದಲ್ಲೇ ಇದ್ದ ಮೌನಮ್ಮ, “ಹೌದ್ರಿ, ನನಗ ಅಷ್ಟು ಬರಂಗಿಲ್ಲ,” ಎಂದಳು. ಪಟ್ಟಿ ನೋಡಲು ಬಂದಿದ್ದ ಕರೆಮ್ಮ ಅವಳ ಬಾಯಿ ಮುಚ್ಚಿಸಿದಳು. “ಸುಮ್ಮಕ ಕುಂದ್ರು. ಕಂಪ್ಯೂಟರ್ ಸುಳ್ಳು ಹೇಳ್ತದೇನು?”

“ಆಫೀಸಿಗಿ ಫೋನ್ ಹಚ್ರಿ ಟೀಚರ, ಸರಿ ಮಾಡ್ತಾರ,” ಎಂದಳು ಹಂಪಮ್ಮ. ಆ ನಂಬಿಕೆ ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಅವಳ ಎದುರಿಗೇ ಫೋನ್ ಹಚ್ಚಿದೆ. ಬೆಂಗಳೂರಿನ ಆಫೀಸಿನ ಸಾಹೇಬರು ತಾಳ್ಮೆಯಿಂದ ಎಲ್ಲ ಕೇಳಿಸಿಕೊಂಡರು.

“ಬದಲಾಯಿಸಬಹುದು, ತೊಂದರೆ ಇಲ್ಲ. ಸಂಸ್ಥೆ ಕಡೆಯ ತಪ್ಪು ಅಂತ ನೀವು ಬರೆದುಕೊಡಬೇಕು ಅಷ್ಟೆ. ನಂಬರು ಪರಿಶೀಲಿಸಿದ್ದೀರಿ ಅಂತ ಟಿಕ್ ಇದೆಯಲ್ಲ? ನೋಡದೇ ಟಿಕ್ ಹಾಕಿದ್ದರೆ ಹೇಳಿ. ಅದು ಬೇರೆ ವಿಚಾರ.”

ಬೇರೆ ವಿಚಾರ ಎಂದರೆ ಏನೆಂದು ನನಗೆ ಗೊತ್ತಿತ್ತು. ಶಹಾಪುರದ ಟೀಚರನ್ನು ಹೋದ ವರ್ಷ ಇಂಥದ್ದಕ್ಕೇ ಮನೆಗೆ ಕಳಿಸಿದ್ದರು. ನಮ್ಮ ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಹಂಪಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು.

“ನೋಡಿಯೇ ಹಾಕಿದ್ದೆ ಸರ್. ಮನೆಯವರೇ ತಪ್ಪು ನಂಬರು ಕೊಟ್ಟಿದ್ದಾರೆ,” ಎಂದೆ.

“ಹಾಗಾದರೆ ನಾವೇನೂ ಮಾಡೋಕಾಗಲ್ಲ. ಮುಂದಿನ ವರ್ಷ ನೋಡೋಣ.”

ಮುಂದಿನ ವರ್ಷ ಅವಳಿಗೆ ಹದಿನಾರು. ಹಂಪಮ್ಮ ಲ್ಯಾಪ್‌ಟಾಪ್ ಮುಚ್ಚಿಟ್ಟು ಮನೆಗೆ ಹೋದಳು.

ಮರುದಿನ ಬಸ್ಸಿನಿಂದ ಇಳಿಯುವಾಗ ಬಾಲಮ್ಮ ಕಾಯುತ್ತಾ ನಿಂತಿದ್ದಳು, ಹಿಂದೆ ಹಂಪಮ್ಮ. ಬೈಯಲು ಬಂದಿದ್ದಾಳೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ತಪ್ಪು ನಮ್ದೇರಿ ಟೀಚರ,” ಎಂದಳು ಬಾಲಮ್ಮ. “ಮನ್ಯಾಗ ಒಂದು ಫೋನ್ ಇಲ್ಲ. ನಾವು ತಪ್ಪು ನಂಬರ್ ಕೊಟ್ಟೀವಂತ ಕರೆಮ್ಮನ ಫೋನಿಗಿ ಆಫೀಸಿಂದ ಮೆಸೇಜ್ ಬಂದದ, ಎಲ್ಲಾರ ಮುಂದ ಓದಿ ಹೇಳಿದ್ಲು. ನಮ್ಮಿಂದ ನಿಮಗ ಮ್ಯಾಲಿನವ್ರ ಕಡಿಂದ ಮಾತು ಬಂತು. ಸಿಟ್ಟು ಮಾಡಬ್ಯಾಡ್ರಿ.” ಕೈ ಮುಗಿದಳು. ಮಗಳ ಕಡೆ ತಿರುಗಿ ಗದರಿದಳು: “ನೀನೂ ಮುಗಿಯಲೇ. ನೆಟ್ಟಗ ನಿಂತು ನೋಡಾಕತ್ತಾಳ!”

ಹಂಪಮ್ಮ ನನ್ನನ್ನೇ ನೋಡುತ್ತಾ ಕೈ ಮುಗಿದಳು.

“ಹೋಗ್ಲಿ ಬಿಡ್ರಿ ಬಾಲಮ್ಮ,” ಎಂದೆ ನಾನು. “ಇನ್ನೊಮ್ಮಿ ಹಿಂಗ ಮಾಡಬ್ಯಾಡ್ರಿ.”