ಊದಿ ನೋಡಿದ ಹರಳು

“ಎತ್ತಬ್ಯಾಡೋ ಅಮರಾ, ಬರೇ ಸರಸು,” ಎಂದು ರಂಜನಾ ಕೂಗುವಷ್ಟರಲ್ಲಿ ಅವಳ ತಮ್ಮ, ಅಪ್ಪನ ಗಿಡ್ಡ ಮೇಜನ್ನು ಎತ್ತಿಯೇ ಬಿಟ್ಟಿದ್ದ. ಖಾನೆಯೊಳಗಿನ ಡಬ್ಬಿ ಜಾರಿ ಬಿದ್ದು ಹರಳುಗಳು ನೆಲದ ತುಂಬ ಚೆಲ್ಲಿದವು. ಅಳುತ್ತ ಕುಳಿತಿದ್ದ ಹೆಂಗಸರು ಅಳುವುದನ್ನು ಅಲ್ಲಿಗೇ ಬಿಟ್ಟು ಆರಿಸಲು ಬಗ್ಗಿದರು.

ಪಕ್ಕದ ಮನೆಯ ಸಕ್ಕುಬಾಯಿ ಒಂದನ್ನು ಬೆಳಕಿಗೆ ಹಿಡಿದು, ನಿಜವಾದವೇ ಎಂದು ಮೆಲ್ಲಗೆ ಮರಾಠಿಯಲ್ಲಿ ಕೇಳಿದಳು: “ಖರೇ ಆಹೇತ ಕಾ ಗ?”

“ನಾಹೀ ಮಾವಶೀ, ಕಾಚ ಆಹೇ,” ಎಂದಳು ರಂಜನಾ.

ಬರೀ ಗಾಜು ಎಂದು ತಿಳಿದ ಮೇಲೆ ಆರಿಸುವವರ ಉತ್ಸಾಹ ಕೊಂಚ ಇಳಿಯಿತು. ಒಂದಿಬ್ಬರು ಮತ್ತೆ ಅಳತೊಡಗಿದರು.

ಕಾಡಪ್ಪ ನಸುಕಿನಲ್ಲಿ ತೀರಿಕೊಂಡಿದ್ದರು. ಎಂಬತ್ತೊಂದು ವರ್ಷ. ಬೈಲಹೊಂಗಲದಿಂದ ಹುಡುಗನಾಗಿದ್ದಾಗಲೇ ಪುಣೆಗೆ ಬಂದು, ರವಿವಾರ ಪೇಠೆಯ ಪತ್ತಾರರೊಬ್ಬರ ಕೈಕೆಳಗೆ ಒಡವೆಗಳಿಗೆ ವಜ್ರ ಕೂಡಿಸುವುದನ್ನು ಕಲಿತವರು. ಆದರೆ ಹಡಪಸರದ ಈ ಎರಡು ಕೋಣೆಯ ಮನೆಗೆ ಬಂದ ಮೇಲೆ, ಮೂವತ್ತೇಳು ವರ್ಷ, ಅವರು ಕೂಡಿಸಿದ್ದೆಲ್ಲ ಗಾಜೇ. ಸಂತೆಯ ಸರ, ನಾಟಕದವರ ಕಿರೀಟ, ಮದುವೆಗೆ ಬಾಡಿಗೆಗೆ ಕೊಡುವ ಡಾಬು. “ಗಾಜಾದ್ರೇನಾತು, ಅದಕ್ಕೂ ಕೂಡ್ಲಿಕ್ಕೆ ನೆಟ್ಟಗ ಜಾಗಾ ಬೇಕಲ್ಲ,” ಎನ್ನುತ್ತ ಒಂದೊಂದನ್ನೂ ಕೋಹಿನೂರನ್ನು ಕೂಡಿಸುವವರ ಹಾಗೆ ಕೂಡಿಸುತ್ತಿದ್ದರು.

ಅವರು ವಜ್ರ ಬಿಟ್ಟದ್ದೇಕೆಂದು ರಂಜನಾಳಿಗೆ ಚೆನ್ನಾಗಿ ಗೊತ್ತಿತ್ತು. ಕಳ್ಳನೆಂಬ ಹೆಸರು ಹೊತ್ತೇ ಅಪ್ಪ ಮಣ್ಣಿಗೆ ಹೋಗುತ್ತಿದ್ದಾರೆ ಎಂಬುದೊಂದೇ ಬೆಳಗಿನಿಂದ ಅವಳನ್ನು ಕೊರೆಯುತ್ತಿತ್ತು. ಸಂಜೆಯೊಳಗೆ ಮಣ್ಣಾಗುತ್ತದೆ. ಆಮೇಲೆ ಯಾರು ಏನು ಹೇಳಿದರೂ ಅವರಿಗೆ ಕೇಳಿಸುವುದಿಲ್ಲ.

* * *

ಮೊದಲು ಅವರಿದ್ದ ರವಿವಾರ ಪೇಠೆಯ ವಾಡೆಯಲ್ಲಿ ಹನ್ನೆರಡು ಮನೆ, ಒಂದೇ ಟೀವಿ. ಅದು ಗೌರಾಬಾಯಿಯದು. ವಾರಕ್ಕೊಮ್ಮೆ ಕೋರ್ಟಿನ ಧಾರಾವಾಹಿ ಬರುತ್ತಿತ್ತು. ಕರೀ ಕೋಟಿನ ವಕೀಲ ಕೊನೆಯ ಹತ್ತು ನಿಮಿಷದಲ್ಲಿ ಕೊಲೆಗಾರನನ್ನು ಹಿಡಿದು ನಿಲ್ಲಿಸುತ್ತಿದ್ದ; ಗೌರಾಬಾಯಿ ಅವನಿಗಿಂತ ಐದು ನಿಮಿಷ ಮೊದಲೇ ಹಿಡಿಯುತ್ತಿದ್ದಳು, ಬಹುಮಟ್ಟಿಗೆ ತಪ್ಪಾಗಿ.

ಆ ವಾರ ವಜ್ರದ ಮೋಸದ ಕತೆ. ಹಾರದಲ್ಲಿನ ವಜ್ರ ತೆಗೆದು ಗಾಜು ಕೂಡಿಸಿದ್ದರು, ಕಂಡುಹಿಡಿದವನ ಕೊಲೆಯಾಗಿತ್ತು. ವಕೀಲ ಕಟಕಟೆಯ ಮುಂದೆ ಹರಳಿನ ಮೇಲೆ ಹಾ ಎಂದು ಊದಿದ. ಉಸಿರಿನ ಮಂಜು ಕೂಡಲೇ ಮಾಯವಾದರೆ ವಜ್ರ, ನಿಂತರೆ ಗಾಜು. ಮಂಜು ನಿಂತಿತು. ಸಾಕ್ಷಿಗಳ ಬೆಂಚಿನಲ್ಲಿ ಬೆವರುತ್ತಿದ್ದವನು ಹರಳು ಕೂಡಿಸುವವನು.

ಟೀವಿ ಆರಿಸಿದ್ದೇ ತಡ, ವಾಡೆಯ ಹೆಂಗಸರೆಲ್ಲ ಓಲೆ, ಬೆಂಡೋಲೆ, ಉಂಗುರ ಬಿಚ್ಚಿ ಹಾ ಹಾ ಎಂದು ಊದತೊಡಗಿದರು. ಗೌರಾಬಾಯಿ ತನ್ನ ಏಳು ಹರಳಿನ ಮೂಗುತಿ ಊದಿದಳು. ಮಂಜು ನಿಂತಿತು. ಅಲುಗಾಡುತ್ತಿದ್ದ ಒಂದು ಹರಳನ್ನು ಬಿಗಿ ಮಾಡಿಸಲು ಎರಡು ತಿಂಗಳ ಹಿಂದಷ್ಟೇ ಅದನ್ನು ಕಾಡಪ್ಪನವರ ಕೈಗೆ ಕೊಟ್ಟಿದ್ದಳು.

ಅಂಗಳದಲ್ಲೇ ಕೋರ್ಟು ಕೂಡಿತು. ಗೌರಾಬಾಯಿಯೇ ವಕೀಲಳು, ಗೌರಾಬಾಯಿಯೇ ಜಡ್ಜು.

“ಅಕ್ಕಾರ, ದಿನಾ ಮಾರಿಗೆ ಎಣ್ಣಿ ಅರಿಷಿಣ ಹಚ್ಕೋತೀರಿ. ಜಿಡ್ಡು ಕೂತದ,” ಎಂದರು ಕಾಡಪ್ಪ. “ಬಿಸಿನೀರಾಗ ತೊಳೀರಿ, ಆಮ್ಯಾಲ ಊದ್ರಿ.”

“ತೊಳದು ಪುರಾವೆ ಅಳಸಲೇನು?” ಎಂದಳು ಗೌರಾಬಾಯಿ.

“ಹಂಗಾರ ಯಾವದರೆ ಅಂಗಡ್ಯಾಗ ತೋರಸ್ರಿ.”

“ಎಲ್ಲಾರೂ ನಿಮ್ಮವರ ಇದ್ದಾರ.”

ಮೂಗುತಿಯನ್ನು ಕಾಗದದಲ್ಲಿ ಸುತ್ತಿ, ಮೇಲೆ ಅರಗು ಹಚ್ಚಿ, ತಿಜೋರಿಯೊಳಗಿಟ್ಟಳು. ಕೊಲೆಯೊಂದು ಆಗಲಿಲ್ಲ, ಉಳಿದದ್ದೆಲ್ಲ ಆಯಿತು. ಪೇಠೆಯ ತುಂಬ ಮಾತು ಹಬ್ಬಿತು. ತಿಂಗಳೊಳಗೆ ಕಾಡಪ್ಪನವರ ಕೈಗೆ ವಜ್ರ ಕೊಡುವವರೇ ಇಲ್ಲವಾದರು. ಹನ್ನೊಂದು ವರ್ಷದ ರಂಜನಾ, ಕೈಗಾಡಿಯ ಮೇಲೆ ಕಟ್ಟಿದ ಹಾಸಿಗೆಗಳ ನಡುವೆ ಕುಳಿತು ಹಡಪಸರಕ್ಕೆ ಬಂದಳು.

* * *

ಹಿತ್ತಲಲ್ಲಿ ಹಂಡೆ ನೀರು ಕಾದಿತ್ತು. ಮಣೆಯ ಮೇಲೆ ಕೂಡಿಸಿದ್ದ ಕಾಡಪ್ಪನವರ ಬೆನ್ನಿಗೆ ಅಮರ ಆಸರೆಯಾಗಿ ನಿಂತಿದ್ದ. ಮೊದಲು ಮನೆಯವರು, ಆಮೇಲೆ ಬೀಗರು, ಒಬ್ಬೊಬ್ಬರೂ ಒಂದೊಂದು ತಂಬಿಗೆ ನೀರು ಹಾಕಬೇಕು. ತಮ್ಮವರೆನಿಸಿಕೊಂಡವರು ಮಾತ್ರ ಹಾಕುವ ನೀರು ಅದು. ಹಾಕುವವರು ಹೆಚ್ಚಿರಲಿಲ್ಲ. ಆರು ತಂಬಿಗೆಗೆ ಮುಗಿಯಿತು.

“ಇನ್ಯಾರರೆ ಇದ್ದಾರೇನವ್ವಾ? ವಿಭೂತಿ ಹಚ್ಚೂನು?” ಎಂದರು ವಿಧಿ ಮಾಡಿಸಲು ಬಂದಿದ್ದ ಅಯ್ಯನವರು.

ಅಷ್ಟರಲ್ಲಿ ಬಾಗಿಲಲ್ಲಿ ರಿಕ್ಷಾ ನಿಂತವು, ಒಂದರ ಹಿಂದೆ ಒಂದು. ಮುಂದಿನದರಿಂದ ಎಳೆಯ ಹೆಂಗಸೊಬ್ಬಳು ಮುದುಕಿಯೊಬ್ಬಳ ರಟ್ಟೆ ಹಿಡಿದು ಇಳಿಸಿದಳು. ಮುದುಕಿಯ ಬೆನ್ನು ಬಾಗಿತ್ತು, ಕಣ್ಣಿಗೆ ದಪ್ಪ ಕನ್ನಡಕ ಬಂದಿತ್ತು. ಆದರೂ ಆ ಗದ್ದವನ್ನು ರಂಜನಾ ಗುರುತಿಸಿದಳು. ಹೊಸ್ತಿಲಿಗೆ ಬಂದು ಅಡ್ಡ ನಿಂತಳು.

“ಈಗ್ಯಾಕ ಬಂದ್ರಿ, ಗೌರಾಬಾಯಾರ? ಹೆಣದ ಬಾಯಾಗೂ ಊದಿ ನೋಡೂದದ ಏನು?”

ಗೌರಾಬಾಯಿ ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡಳು. ಕೈ ಹಿಡಿದಿದ್ದವಳೇ ಬಾಯಿ ಬಿಟ್ಟಳು. “ನಾ ಸಪ್ನಾ ರೀ, ಮೊಮ್ಮಗನ ಹೆಂಡ್ತಿ. ಇಲ್ಲೇ ವಾಕಡದಿಂದ ಬಂದೇವಿ. ತಪ್ಪು ನಂದೂ ಅದ. ಇವರನ್ನ ಆವತ್ತ ಕರಕೊಂಡು ಬರಬೇಕಿತ್ತು.”

“ಯಾವತ್ತ?”

“ತೊಳದ ದಿನಾ,” ಎಂದಳು ಗೌರಾಬಾಯಿ. ಆ ದೊಡ್ಡ ದನಿ ಎಲ್ಲಿ ಹೋಗಿತ್ತೋ, ಕೀರಲು ಮಾತ್ರ ಉಳಿದಿತ್ತು. “ದೀಪಾವಳಿಗೆ ಮೂಗುತಿ ಇಕಿಗೆ ಕೊಟ್ಟೆ. ಗಾಜಿಂದದ, ಬಂಗಾರಷ್ಟ ಖರೇ ಅಂತ ಕೊಟ್ಟೆ. ಇಕಿ ಹಾಕ್ಕೊಳ್ಳೂಕಿಂತ ಮೊದಲ ಬಿಸಿನೀರಾಗ ಸಾಬಣ ಹಾಕಿ ಬ್ರಷಿಲೆ ತಿಕ್ಕಿದ್ಲು.”

“ಹಳದಿ ಜಿಡ್ಡು ಭಾಳ ಇತ್ತು ರೀ,” ಎಂದಳು ಸಪ್ನಾ. “ಕತಿ ಕೇಳಿದ್ದೆ, ಅದಕ್ಕ ಚ್ಯಾಷ್ಟಿಗೆ ಊದಿದೆ. ಮಂಜು ನಿಲ್ಲಲೇ ಇಲ್ಲ. ಏಳೂ ಹರಳು ಹಂಗ. ಅಂಗಡ್ಯಾಗೂ ತೋರ್ಸಿದ್ವಿ. ಖರೇ ವಜ್ರ.”

ದೀಪಾವಳಿ. ಆರು ತಿಂಗಳು. ಅಪ್ಪನ ಕಿವಿ ಆಗಿನ್ನೂ ಚುರುಕಾಗಿತ್ತು. ರಂಜನಾಳ ಕಣ್ಣು ತುಂಬಿದವು. “ಆರು ತಿಂಗಳಾತಲ್ರೀ! ವಾಕಡ ಏನ್ ಕಾಶಿ ಏನು?”

“ನಾಚಿಕಿ ಬಂತವ್ವಾ. ಇವತ್ತ ಹೋಗೂನು, ನಾಳೆ ಹೋಗೂನು ಅಂತ ಮಾರಿ ತೋರಿಸಲಿಕ್ಕೆ ಅಂಜಿದೆ. ಮುಂಜಾನೆ ವಾಡೇದ ಯಂಕವ್ವ ಫೋನ್ ಮಾಡಿ ಹಿಂಗಾತು ಅಂದ್ಲು.” ಗೌರಾಬಾಯಿ ಅಳುತ್ತಿದ್ದಳು, ಒರೆಸಿಕೊಳ್ಳಲಿಲ್ಲ. “ನೀ ಹೊರಗ ಹಾಕಿದ್ರೂ ಖರೇನ. ಮಂದಿ ಮುಂದ ಹೇಳಿ ಹೋಗತೀನಿ.”

* * *

ಮದುವೆಯ ವಯಸ್ಸಿಗೆ ಬಂದಾಗ ರಂಜನಾ ಒಮ್ಮೆ ಅಪ್ಪನ ಮೇಲೆ ಹರಿಹಾಯ್ದಿದ್ದಳು. ನೋಡಲು ಬಂದ ಗಂಡಿನವರು ಪೇಠೆಯ ಮಾತು ಕೇಳಿ ತಿರುಗಿ ಹೋಗಿದ್ದ ದಿನ ಅದು. “ಅಕಿ ಮನಿ ಬಾಗಲಾ ಬಡದು ಯಾಕ ಕೇಳಲಿಲ್ಲ ನೀವು?”

ಕಾಡಪ್ಪ ಚಿಮಟದಲ್ಲಿ ಹಿಡಿದಿದ್ದ ಗಾಜನ್ನು ಕೂಡಿಸಿದ ಮೇಲೆಯೇ ತಲೆ ಎತ್ತಿದ್ದರು. “ನಾ ಹೋಗಿ ಬಡದ್ರ ಅಕಿ ಇನ್ನೂ ಬಿಗಿಯಾಗತಾಳ. ಹರಳು ಎಲ್ಲೂ ಹೋಗೂದಿಲ್ಲವ್ವಾ. ಅಕಿ ಇಲ್ಲಾ ಅಕಿ ಮಂದಿ, ಯಾರರೆ ಒಬ್ರು ಒಂದಿನಾ ತೊಳೀತಾರ.”

“ಅಷ್ಟೊತ್ತಿಗೆ ನೀವ ಇರಲಿಕ್ಕಂದ್ರ?”

“ನೀ ಇರ್ತೀಯಲ್ಲ,” ಎಂದು ನಕ್ಕು ಇನ್ನೊಂದು ಹರಳು ಎತ್ತಿಕೊಂಡಿದ್ದರು.

* * *

ರಂಜನಾ ಹೊಸ್ತಿಲಿನಿಂದ ಸರಿದಳು.

ಗೌರಾಬಾಯಿ ಹಿತ್ತಲಿಗೆ ಬಂದು ಕಾಡಪ್ಪನವರ ಎದುರು ನಿಂತಳು. ಕೈ ಮುಗಿದು, ಇದ್ದಷ್ಟೂ ದನಿ ಎಳೆದು ಹೇಳಿದಳು: “ಕಾಡಪ್ಪಣ್ಣಾ, ಹರಳು ಖರೇ ಅವ. ಸುಳ್ಳು ನಾನು. ನಿಮ್ಮ ಹೆಸರು ಕೆಡಿಸಿದಾಕಿ ನಾನು.”

ಮರಾಠಿ ಗಲ್ಲಿಯ ಜನರಿಗೆ ಅರ್ಥವಾಗಲಿಲ್ಲ. “ಕಾಯ ಮ್ಹಣತಾತ ಆಜಿ?” ಎಂದು ಸಕ್ಕುಬಾಯಿ ರಂಜನಾಳನ್ನು ಕೇಳಿದಳು.

ಹೇಳುವವರು ಬೇರೆ ಯಾರೂ ಇರಲಿಲ್ಲ. ರಂಜನಾ ಕಣ್ಣೊರೆಸಿಕೊಂಡು ಗಲ್ಲಿಯ ಕೊನೆಯವರೆಗೂ ಕೇಳುವಂತೆ ಹೇಳಿದಳು: “ಮಾಝೇ ಬಾಬಾ ಚೋರ ನವ್ಹತೇ!” ನನ್ನ ಅಪ್ಪ ಕಳ್ಳ ಆಗಿರಲಿಲ್ಲ. ಮೂವತ್ತೇಳು ವರ್ಷದಲ್ಲಿ ಈ ಮಾತನ್ನು ಅವಳು ಬಾಯಿ ಬಿಟ್ಟು ಆಡಿದ್ದು ಅದೇ ಮೊದಲು.

ಗೌರಾಬಾಯಿ ಹೊರಡಲು ತಿರುಗಿದಳು. ರಂಜನಾ ಹಂಡೆಯಲ್ಲಿ ತಂಬಿಗೆ ಅದ್ದಿ, ಬಿಸಿ ಎಷ್ಟಿದೆಯೆಂದು ಬೆರಳಿನಿಂದ ನೋಡಿ, ಮುಂದೆ ಹಿಡಿದಳು.

“ಎಲ್ಲಿ ಹೊಂಟ್ರಿ? ನೀರು ಹಾಕ್ರಿ.”

ಮುದುಕಿ ತಂಬಿಗೆ ಎತ್ತಿ ಬಗ್ಗಿಸಿದಳು. ಅರ್ಧ ನೀರು ಅಮರನ ಕಾಲ ಮೇಲೆ, ಅರ್ಧ ಕಾಡಪ್ಪನವರ ಹೆಗಲ ಮೇಲೆ ಬಿತ್ತು.

ತಂಬಿಗೆ ತಿರುಗಿ ಇಸಿದುಕೊಳ್ಳುವಾಗ ರಂಜನಾ ಬಾಗಿಲತ್ತ ನೋಡಿದಳು. ಹಿಂದಿನ ರಿಕ್ಷಾಗಳಿಂದ ಇಳಿದ ವಾಡೆಯ ಹೆಂಗಸರು ಯಂಕವ್ವನ ಹಿಂದೆ ಗೋಡೆ ಹಿಡಿದು ನಿಂತಿದ್ದರು, ಎಂಟೋ ಹತ್ತೋ ಮಂದಿ; ಅಂದು ಅಂಗಳದಲ್ಲಿ ನಿಂತು ಊದಿದವರು. ಒಬ್ಬೊಬ್ಬರಾಗಿ ಚಪ್ಪಲಿ ಕಳಚಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸಾಲಾಗಿ ಒಳಗೆ ಬರತೊಡಗಿದರು.

ಸಕ್ಕುಬಾಯಿ ಹಂಡೆಯೊಳಗೆ ಇಣುಕಿ, ತನ್ನ ಮನೆಯ ಹಂಡೆ ತರಲು ಓಡಿದಳು.